ಕನ್ನಡ ಪದವೊಂದರ ಬೆನ್ನು ಹತ್ತಿ ಫುಲ್ ಸ್ಟಾಕ್ ಕಲಿತಿದ್ದು

ಧಾರವಾಡದ ಒಂದು ಓದುಗರ ಬಳಗದ ಹತ್ತಿರ ಸಾವಿರಾರು ಕನ್ನಡ ಪುಸ್ತಕಗಳಿವೆ. ಅವುಗಳ ಪಟ್ಟಿಯನ್ನು ವೆಬ್‌ಗೆ ತರುವ ಕೆಲಸ ನನ್ನ ಪಾಲಿಗೆ ಬಂತು. ಸಂಬಳದ ಕೆಲಸವಲ್ಲ, ಸಂಜೆ ಮತ್ತು ಭಾನುವಾರಗಳ ಕೆಲಸ. ಸರ್ವರ್‌ನಲ್ಲಿ ಓಡುವ ಹಿಂಬದಿಗೆ ಪೈಥಾನ್, ಬ್ರೌಸರ್‌ನಲ್ಲಿ ಕಾಣುವ ಮುಂಬದಿಗೆ ರಿಯಾಕ್ಟ್, ಡೇಟಾ ಇಡಲು ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್. ಹೀಗೆ ಹಿಂದಿನಿಂದ ಮುಂದಿನವರೆಗೆ ಎಲ್ಲ ಪದರಗಳೂ ಸೇರಿದ್ದಕ್ಕೆ ಫುಲ್ ಸ್ಟಾಕ್ ಅನ್ನುತ್ತಾರೆ. ಈ ಮೂರನ್ನೂ ಕಚೇರಿಯಲ್ಲಿ ದಿನಾ ಬಳಸುತ್ತಿದ್ದೆ. ಆದರೆ ಅವುಗಳ ಒಳಗೆ ಏನು ನಡೆಯುತ್ತದೆ ಅಂತ ನನಗೆ ಕಲಿಸಿದ್ದು ಈ ಪುಸ್ತಕ ಪಟ್ಟಿಯ ಹುಡುಕುಪೆಟ್ಟಿಗೆ. ಅದರಲ್ಲಿ ಒಂದು ಕನ್ನಡ ಪದ ಟೈಪ್ ಮಾಡಿ, ಅದು ಎಲ್ಲೆಲ್ಲಿ ಹೋಗಿ ಬರುತ್ತದೆ ಅಂತ ಬೆನ್ನು ಹತ್ತಿದರೆ ಸಾಕು, ಇಡೀ ಸ್ಟಾಕ್ ಬಿಚ್ಚಿಕೊಳ್ಳುತ್ತದೆ. ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಓದಿ ತಿದ್ದಬಹುದಾದ ಕೋಡ್, ಅದರ ಕಡೆಗೆ ನಾನು ಬಂದಿದ್ದೂ ಅದೇ ದಾರಿಯಲ್ಲಿ.

ಬಳಗದವರು ಕೊಟ್ಟ ಪಟ್ಟಿ ಎಕ್ಸೆಲ್‌ನಲ್ಲಿತ್ತು. ಬರೆದಿದ್ದು ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ. ಪ್ರತಿ ಲಿಪಿಯ ಪ್ರತಿ ಗುರುತಿಗೂ ಒಂದು ಸಂಖ್ಯೆ ಕೊಡುವ ಯುನಿಕೋಡ್ ಮಾನದಂಡ ಎಲ್ಲ ಕಡೆ ಬರುವ ಮೊದಲು ಕನ್ನಡದಲ್ಲಿ ಟೈಪ್ ಮಾಡಿದವರಿಗೆ ಇದು ಗೊತ್ತಿರುತ್ತದೆ. ಫೈಲಿನೊಳಗೆ ಇರುವುದು ಲ್ಯಾಟಿನ್ ಅಕ್ಷರಗಳು. ಫಾಂಟ್ ಅವುಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ತೋರಿಸುತ್ತದೆ. ಫಾಂಟ್ ತೆಗೆದರೆ ಉಳಿಯುವುದು ಅರ್ಥವಿಲ್ಲದ ಸಾಲು. ಕನ್ನಡದ ಎಷ್ಟೋ ಕಚೇರಿ ಕಡತಗಳು, ಪತ್ರಿಕೆಗಳ ಹಳೆಯ ಪುಟಗಳು ಇವತ್ತಿಗೂ ಹೀಗೇ ಇವೆ.

ಇದನ್ನು ಯುನಿಕೋಡ್‌ಗೆ ತಿರುಗಿಸುವ ಓಪನ್ ಸೋರ್ಸ್ ಪರಿವರ್ತಕಗಳಿವೆ. ಸುಮ್ನೆ ಓಡಿಸಿ ಮುಂದೆ ಹೋಗಬಹುದಿತ್ತು. ಕೋಡ್ ತೆರೆದು ಓದಿದ್ದರಿಂದ ನನಗೆ ಜಾಸ್ತಿ ಲಾಭವಾಯಿತು. ಅರ್ಕಾವೊತ್ತನ್ನೇ ನೋಡಿ. ಹಳೆಯ ಫಾಂಟ್‌ನಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿರುತ್ತದೆ, ಅಂದರೆ ‘ಕರ್ನಾಟಕ’ದಲ್ಲಿ ‘ನಾ’ ಆದ ಮೇಲೆ. ಯುನಿಕೋಡ್‌ನಲ್ಲಿ ಅದು ನಾವು ಉಚ್ಚರಿಸುವ ಕ್ರಮದಲ್ಲಿರಬೇಕು. ಮೊದಲು ರ, ಆಮೇಲೆ ಹಲಂತ (ವ್ಯಂಜನದ ಸ್ವರ ತೆಗೆಯುವ ಗುರುತು), ಆಮೇಲೆ ನ, ಕೊನೆಗೆ ಆ ಸ್ವರಚಿಹ್ನೆ. ಹಾಗಾಗಿ ಪರಿವರ್ತಕ ಹಿಂದಕ್ಕೆ ಹೋಗಿ, ಇಡೀ ಅಕ್ಷರದ ಗಡಿ ಎಲ್ಲಿದೆ ಅಂತ ಹುಡುಕಿ, ಅದರ ಮುಂದೆ ‘ರ್’ ತಂದು ಇಡಬೇಕು. ‘ರಾಷ್ಟ್ರ’, ‘ಸ್ತ್ರೀ’ಯಂತಹ ಎರಡು ಒತ್ತಿನ ಪದಗಳಲ್ಲೂ ಅದೇ ಕೋಡ್ ಸರಿಯಾಗಿ ನಡೆಯಬೇಕು. ಅಕ್ಷರ ಅಂದರೇನು ಅಂತ ಕಂಪ್ಯೂಟರ್‌ಗೆ ಹೇಳಿಕೊಡುವುದು ಎಷ್ಟು ಸೂಕ್ಷ್ಮ ಕೆಲಸ ಅಂತ ನನಗೆ ತಿಳಿದಿದ್ದು ಅಲ್ಲಿ.

ಪಟ್ಟಿ ಡೇಟಾಬೇಸ್‌ಗೆ ಹೋಯಿತು. ಹುಡುಕುಪೆಟ್ಟಿಗೆಯಲ್ಲಿ ‘ಕೋಲಾರ’ ಅಂತ ಹಾಕಿದೆ. ಒಂದು ಪುಸ್ತಕವೂ ಬರಲಿಲ್ಲ. ಪಟ್ಟಿಯಲ್ಲಿ ಕೋಲಾರದ ಮೇಲಿನ ಪುಸ್ತಕ ಕಣ್ಣೆದುರಿಗೇ ಇತ್ತು. ಎರಡು ಪದವನ್ನೂ ಪಕ್ಕಪಕ್ಕ ಇಟ್ಟರೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಒಳಗಿನ ಕೋಡ್‌ಪಾಯಿಂಟ್‌ಗಳನ್ನು, ಅಂದರೆ ಯುನಿಕೋಡ್ ಕೊಟ್ಟ ಸಂಖ್ಯೆಗಳನ್ನು, ಅಚ್ಚು ಹಾಕಿ ನೋಡಿದಾಗ ಗುಟ್ಟು ಹೊರಬಂತು.

‘ಕೋ’ದಲ್ಲಿರುವ ಓ ಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಕೋಡ್‌ಪಾಯಿಂಟ್ ಆಗಿ ಬರೆಯಬಹುದು. ಎ ಚಿಹ್ನೆ, ಊ ಚಿಹ್ನೆ, ದೀರ್ಘದ ಗುರುತು ಅಂತ ಮೂರಾಗಿ ಒಡೆದೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಹೋಲಿಸಿ ನೋಡುವ ಡೇಟಾಬೇಸ್‌ಗೆ ಎರಡೂ ಬೇರೆ. ಮೊದಲನೆಯ ಬಗೆಯಲ್ಲಿ ‘ಕೋಲಾರ’ 5 ಕೋಡ್‌ಪಾಯಿಂಟ್, ಎರಡನೆಯದರಲ್ಲಿ 7. ಹಳೆಯ ಫಾಂಟ್‌ನಲ್ಲಿ ದೀರ್ಘ ಬೇರೆಯೇ ತುಂಡಾಗಿತ್ತು. ಪರಿವರ್ತಕ ಅದನ್ನು ತುಂಡಾಗಿಯೇ ತಂದಿತ್ತು. ಕೀಬೋರ್ಡ್ ಮಾತ್ರ ಒಂದೇ ಕೋಡ್‌ಪಾಯಿಂಟ್ ಕಳಿಸುತ್ತಿತ್ತು. ಈ, ಏ, ಐ, ಒ ಚಿಹ್ನೆಗಳಿಗೂ ಇದೇ ಕಥೆ.

ಪರಿಹಾರ ಹಳೆಯದೇ, ಸರಳವೂ ಹೌದು. ಯುನಿಕೋಡ್ ಇದಕ್ಕಾಗಿಯೇ ನಾರ್ಮಲೈಸೇಶನ್ ಅನ್ನುವ ಕ್ರಮ ಇಟ್ಟಿದೆ. ಎನ್‌ಎಫ್‌ಸಿ ಅನ್ನುವ ರೂಪಕ್ಕೆ ತಂದರೆ ಒಡೆದಿದ್ದೆಲ್ಲ ಕೂಡುತ್ತದೆ. ಪೈಥಾನ್‌ನಲ್ಲೂ ಜಾವಾಸ್ಕ್ರಿಪ್ಟ್‌ನಲ್ಲೂ ಒಂದೇ ಸಾಲಿನ ಕೆಲಸ. ಪ್ರಶ್ನೆ ಅದಲ್ಲ, ಆ ಸಾಲನ್ನು ಎಲ್ಲಿ ಹಾಕಬೇಕು ಅನ್ನುವುದು. ಬ್ರೌಸರ್‌ನಲ್ಲಿ ಮಾತ್ರ ಹಾಕಿದರೆ ಎಪಿಐ (ಬೇರೆ ಪ್ರೋಗ್ರಾಂಗಳು ನೇರ ಮಾತಾಡುವ ದಾರಿ) ಮೂಲಕ ಬರುವ ಡೇಟಾ ತಪ್ಪಿಸಿಕೊಳ್ಳುತ್ತದೆ. ಹುಡುಕುವಾಗ ಮಾತ್ರ ಹಾಕಿದರೆ ಒಳಗಿರುವುದು ಹಾಗೇ ಉಳಿಯುತ್ತದೆ. ನಾನು ಬರೆಯುವ ಬಾಗಿಲು, ಓದುವ ಬಾಗಿಲು ಎರಡರಲ್ಲೂ ಹಾಕಿದೆ. ಡೇಟಾಬೇಸ್‌ನಲ್ಲಿ ಒಂದು ಕಟ್ಟುಪಾಡನ್ನೂ ಇಟ್ಟೆ. ಪೋಸ್ಟ್‌ಗ್ರೆಸ್ 13ರಿಂದ ಪಠ್ಯ ನಾರ್ಮಲೈಸ್ ಆಗಿದೆಯಾ ಅಂತ ಅದೇ ಪರೀಕ್ಷಿಸಬಲ್ಲದು. ಈಗ ಒಡೆದ ‘ಕೋಲಾರ’ ಯಾವ ದಾರಿಯಿಂದ ಬಂದರೂ ಒಳಗೆ ಹೋಗುವುದಿಲ್ಲ.

ಕಣ್ಣಿಗೆ ಕಾಣದ ಇನ್ನೆರಡು ಗುರುತುಗಳಿವೆ. ‘ಸಾಫ್ಟ್‌ವೇರ್’ ಅಂತ ಬರೆಯುವಾಗ ‘ಟ್’ ಕೆಳಗೆ ‘ವೇ’ ಒತ್ತಾಗಿ ಸೇರಿಕೊಳ್ಳಬಾರದು ಅಂತ ನಡುವೆ ಒಂದು ಶೂನ್ಯ ಅಗಲದ ಗುರುತು ಹಾಕುತ್ತೇವೆ. ‘ರ‍್ಯಾಂಕ್’ ಪದದಲ್ಲಿ ರ ಅರ್ಕಾವೊತ್ತಾಗದೆ ಪೂರ್ತಿ ನಿಲ್ಲಬೇಕು ಅಂದರೆ ಇನ್ನೊಂದು ಬಗೆಯ ಗುರುತು ಬೇಕು. ಓದುಗರು ಇವನ್ನು ಹಾಕಿಯೂ ಟೈಪ್ ಮಾಡುತ್ತಾರೆ, ಬಿಟ್ಟೂ ಮಾಡುತ್ತಾರೆ. ಹುಡುಕಾಟಕ್ಕೆ ಇವು ಅಡ್ಡ, ಓದಿಗೆ ಇವು ಬೇಕು. ಹಾಗಾಗಿ ಪುಸ್ತಕದ ಹೆಸರಿಗೆ ಎರಡು ಕಾಲಂ ಇಟ್ಟೆ. ಒಂದು ಇದ್ದ ಹಾಗೇ ತೋರಿಸಲು, ಇನ್ನೊಂದು ಈ ಗುರುತುಗಳನ್ನು ತೆಗೆದು ಹುಡುಕಲು. ತೋರಿಸುವ ಪಠ್ಯಕ್ಕೆ ಎಂದೂ ಕೈ ಹಾಕಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬರೆದವರು ಹೇಗೆ ಬರೆದರೋ ಹಾಗೇ ಕಾಣಬೇಕು.

ಮುಂದಿನದು ಅಕಾರಾದಿ. ಪಟ್ಟಿಯನ್ನು ಹೆಸರಿನ ಪ್ರಕಾರ ಜೋಡಿಸಿದಾಗ ‘ಬಳ್ಳಾರಿ’ ಮೊದಲು ಬಂತು, ‘ಬಸವಕಲ್ಯಾಣ’ ಆಮೇಲೆ. ನಾವು ಶಾಲೆಯಲ್ಲಿ ಕಲಿತ ವರ್ಣಮಾಲೆಯಲ್ಲಿ ಳ ಬರುವುದು ಕೊನೆಗೆ ಅಲ್ವಾ? ಯ ರ ಲ ವ ಶ ಷ ಸ ಹ ಳ. ಯುನಿಕೋಡ್ ಕೋಷ್ಟಕದಲ್ಲಿ ಳ ಕೂತಿರುವುದು ಲ ಪಕ್ಕದಲ್ಲಿ, ವ ಮೊದಲು. ಬರೀ ಕೋಡ್‌ಪಾಯಿಂಟ್ ನೋಡಿ ಜೋಡಿಸಿದರೆ ಕನ್ನಡ ನಿಘಂಟಿನ ಕ್ರಮ ಬರುವುದಿಲ್ಲ. ಸರಿಯಾದ ಕ್ರಮ ಸಿಎಲ್‌ಡಿಆರ್ ಅನ್ನುವ ಸಾರ್ವಜನಿಕ ಭಾಷಾ ಡೇಟಾದಲ್ಲಿದೆ. ಐಸಿಯು ಅನ್ನುವ ಓಪನ್ ಸೋರ್ಸ್ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಅದನ್ನು ಬಳಸುತ್ತದೆ. ಪೋಸ್ಟ್‌ಗ್ರೆಸ್ 2017ರಲ್ಲಿ ಬಂದ ತನ್ನ 10ನೇ ಆವೃತ್ತಿಯಿಂದ ಐಸಿಯು ಕೊಲೇಶನ್‌ಗಳನ್ನು, ಅಂದರೆ ಭಾಷೆಗೆ ತಕ್ಕ ಜೋಡಣೆಯ ಕ್ರಮಗಳನ್ನು, ಕೊಡುತ್ತಿದೆ, ಕನ್ನಡದ್ದೂ ಅದರಲ್ಲಿದೆ. ಬ್ರೌಸರ್‌ನಲ್ಲಿ ಅದೇ ಕೆಲಸಕ್ಕೆ ಇಂಟಲ್ ಕೊಲೇಟರ್ ಇದೆ. ಕನ್ನಡ ಅಂತ ಭಾಷೆ ಹೇಳಿದರೆ ಸಾಕು, ಬಸವಕಲ್ಯಾಣ ಮೊದಲು ಬರುತ್ತದೆ.

ಕ್ರಮಕ್ಕೆ ಸಂಬಂಧಿಸಿದ ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಕೊಲೇಶನ್ ಲೈಬ್ರರಿಯ ಆವೃತ್ತಿ ಬದಲಾದರೆ ಕ್ರಮವೂ ಬದಲಾಗಬಹುದು. ಲಿನಕ್ಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿಯ 2018ರಲ್ಲಿ ಬಂದ 2.28ರಲ್ಲಿ ಜೋಡಣೆಯ ಕ್ರಮ ಬದಲಾಗಿ, ಎಷ್ಟೋ ಕಡೆ ಹುಡುಕಾಟ ಬೇಗ ಮಾಡುವ ಡೇಟಾಬೇಸ್ ಇಂಡೆಕ್ಸ್‌ಗಳನ್ನು ಮತ್ತೆ ಕಟ್ಟಬೇಕಾಯಿತು. ಸರ್ವರ್‌ನ ಆಪರೇಟಿಂಗ್ ಸಿಸ್ಟಂ ಏರಿಸುವ ಮುನ್ನ ಇದನ್ನು ನೋಡಿಕೊಳ್ಳಿ. ಸೈಟ್ ನಡೆಸಲು ಬೇಕಾದ ಡಾಕರ್, ಎಂಜಿನ್‌ಎಕ್ಸ್, ಬ್ಯಾಕಪ್ ಇವೆಲ್ಲ ಎಲ್ಲ ಸೈಟ್‌ಗಳಂತೆಯೇ. ಅವುಗಳ ಬಗ್ಗೆ ಬೇಕಾದಷ್ಟು ಓದು ಸಿಗುತ್ತದೆ.

ಈಗ ವಿಳಾಸಗಳು. ಪ್ರತಿ ಪುಸ್ತಕದ ಪುಟಕ್ಕೆ ಅದರ ಹೆಸರಿರುವ ವಿಳಾಸ ಬೇಕಿತ್ತು. ಹೆಸರಿನಿಂದ ವಿಳಾಸದ ತುಂಡು ಮಾಡುವುದಕ್ಕೆ ಸ್ಲಗ್ ಅನ್ನುತ್ತಾರೆ. ಅದಕ್ಕೆ ಒಂದು ಸಣ್ಣ ಓಪನ್ ಸೋರ್ಸ್ ಲೈಬ್ರರಿ ಬಳಸಿದೆ. ‘ಬೆಂಗಳೂರು’ ಕೊಟ್ಟರೆ ‘ಬಗಳರ’ ಅಂತ ಬಂತು. ‘ಕನ್ನಡ’ ಕೊಟ್ಟರೆ ‘ಕನನಡ’.

ಕಾರಣ ಪಠ್ಯದಲ್ಲಿ ಮಾದರಿ ಹುಡುಕುವ ಪೈಥಾನ್‌ನ ಸಾಮಾನ್ಯ ರೆಗ್ಯುಲರ್ ಎಕ್ಸ್‌ಪ್ರೆಶನ್ ‘ಪದದ ಅಕ್ಷರ’ ಅಂತ ಯಾವುದನ್ನು ಒಪ್ಪುತ್ತದೆ ಅನ್ನುವುದರಲ್ಲಿದೆ. ಅದರ ಲೆಕ್ಕದಲ್ಲಿ ಕ, ಗ, ರ ಅಕ್ಷರಗಳು. ಸ್ವರಚಿಹ್ನೆ, ಅನುಸ್ವಾರ, ಹಲಂತ ಅಕ್ಷರಗಳಲ್ಲ. ಯುನಿಕೋಡ್‌ನಲ್ಲಿ ಇವು ಮಾರ್ಕ್ ಅನ್ನುವ ಬೇರೆ ವರ್ಗಕ್ಕೆ ಸೇರುತ್ತವೆ. ‘ಅಕ್ಷರವಲ್ಲದ್ದನ್ನೆಲ್ಲ ತೆಗೆ’ ಅಂತ ಬರೆದ ಕೋಡ್ ನಮ್ಮ ಕಾಗುಣಿತವನ್ನೇ ತೆಗೆದುಹಾಕುತ್ತದೆ. ಇಂಗ್ಲಿಷ್‌ನಲ್ಲಿ, ಫ್ರೆಂಚ್‌ನಲ್ಲಿ ಪರೀಕ್ಷಿಸಿದವರಿಗೆ ಇದು ಎಂದೂ ಕಾಣುವುದಿಲ್ಲ. ಹಿಂದಿ, ತಮಿಳು, ತೆಲುಗು, ಬಂಗಾಳಿ ಎಲ್ಲಕ್ಕೂ ಇದೇ ತೊಂದರೆ. ಅಂದರೆ ಇದನ್ನು ನನ್ನ ಸೈಟಿನಲ್ಲಿ ಮಾತ್ರ ಸರಿಮಾಡಿಕೊಂಡು ಕೂರುವುದು ಸರಿಯಲ್ಲ ಅಂತ ಅನ್ನಿಸಿತು.

ನಾನು ಓಪನ್ ಸೋರ್ಸ್‌ಗೆ ಕಳಿಸಿದ ಮೊದಲ ಗಂಭೀರ ಬದಲಾವಣೆ ಇದೇ. ಹೇಗೆ ಮಾಡಿದೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೊಸಬರು ನನ್ನನ್ನು ಕೇಳುವುದು ಇದನ್ನೇ.

ಮೊದಲು ಆ ಪ್ರಾಜೆಕ್ಟ್‌ನ ಹಳೆಯ ಇಶ್ಯೂಗಳನ್ನು, ಅಂದರೆ ಬಳಸುವವರು ಬರೆದ ದೂರುಗಳನ್ನು, ಓದಿದೆ, ಮುಚ್ಚಿದವನ್ನೂ ಸೇರಿಸಿ. ಬೇರೆ ಭಾರತೀಯ ಭಾಷೆಯವರು ಇದೇ ದೂರನ್ನು ಹೇಳಿದ್ದರು, ಆದರೆ ‘ಕೆಲಸ ಮಾಡುತ್ತಿಲ್ಲ’ ಅಂತಷ್ಟೇ. ಮೇಂಟೇನರ್‌ಗೆ, ಅಂದರೆ ಪ್ರಾಜೆಕ್ಟ್ ನೋಡಿಕೊಳ್ಳುವವರಿಗೆ, ಆ ಲಿಪಿ ಓದಲು ಬರುವುದಿಲ್ಲ. ‘ಬಗಳರ’ ತಪ್ಪು, ‘ಬೆಂಗಳೂರು’ ಸರಿ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಆದ್ದರಿಂದ ನಾನು ಲಿಪಿ ಬಾರದವರಿಗೂ ತಿಳಿಯುವ ಹಾಗೆ ಬರೆದೆ. ಯಾವ ಕೋಡ್‌ಪಾಯಿಂಟ್ ಒಳಗೆ ಹೋಯಿತು, ಯಾವುದು ಹೊರಬಂತು, ಯಾವುದು ಕಳೆದುಹೋಯಿತು, ಅದರ ಯುನಿಕೋಡ್ ವರ್ಗ ಯಾವುದು. ಆಮೇಲೆ ಇದ್ದ ಕೋಡ್ ಸೋಲುವಂಥ ಒಂದು ಟೆಸ್ಟ್ ಬರೆದೆ. ಕನ್ನಡ, ತಮಿಳು, ದೇವನಾಗರಿಯ ಒಂದೊಂದು ಪದ. ಟೆಸ್ಟ್ ಇದ್ದರೆ ವಾದ ಕಡಿಮೆಯಾಗುತ್ತದೆ.

ಸರಿಪಡಿಸುವ ಕೋಡ್ ಚಿಕ್ಕದು. ಯುನಿಕೋಡ್ ವರ್ಗ ನೋಡಿ, ಅಕ್ಷರ ಮತ್ತು ಮಾರ್ಕ್ ಎರಡನ್ನೂ ಉಳಿಸಿಕೊಳ್ಳುವುದು. ಜಾವಾಸ್ಕ್ರಿಪ್ಟ್‌ನಲ್ಲಾದರೆ 2018ರ ಮಾನದಂಡದಿಂದ ಈ ವರ್ಗಗಳನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲೇ ಬರೆಯಬಹುದು. ಪೈಥಾನ್‌ನ ಜೊತೆಗೆ ಬರುವ ಮಾಡ್ಯೂಲ್‌ನಲ್ಲಿ ಆ ಸೌಲಭ್ಯವಿಲ್ಲ. ರೆಜೆಕ್ಸ್ ಅನ್ನುವ ಬೇರೆ ಪ್ಯಾಕೇಜ್‌ನಲ್ಲಿದೆ. ಆದರೆ ಒಂದು ಸಣ್ಣ ಲೈಬ್ರರಿಗೆ ಹೊಸ ಅವಲಂಬನೆ ತಂದು ಹಾಕುವುದು ನನಗೆ ಇಷ್ಟವಿರಲಿಲ್ಲ. ಯುನಿಕೋಡ್‌ಡೇಟಾ ಮಾಡ್ಯೂಲ್ ಪೈಥಾನ್‌ನಲ್ಲೇ ಇದೆ, ಅದನ್ನೇ ಬಳಸಿದೆ.

ವಿಮರ್ಶೆಯಲ್ಲಿ ಮೇಂಟೇನರ್ ಕೇಳಿದ ಪ್ರಶ್ನೆ ನನಗೆ ಬಹಳ ಕಲಿಸಿತು. ಶೂನ್ಯ ಅಗಲದ ಗುರುತುಗಳನ್ನು ಏನು ಮಾಡುತ್ತೀರಿ? ಕಾಣದ ಗುರುತು ವಿಳಾಸದಲ್ಲಿ ಉಳಿದರೆ ನೋಡಲು ಒಂದೇ ರೀತಿ ಇರುವ ಎರಡು ವಿಳಾಸ ಹುಟ್ಟುತ್ತವೆ. ಮೋಸಕ್ಕೆ ದಾರಿಯಾಗುತ್ತದೆ. ಡೊಮೇನ್ ಹೆಸರುಗಳ ಮಾನದಂಡದಲ್ಲಿ ಇದಕ್ಕೊಂದು ನಿಯಮವಿದೆ. ಕನ್ನಡದಂಥ ಲಿಪಿಗಳಲ್ಲಿ ಹಲಂತ ಆದ ಕೂಡಲೇ ಬಂದರೆ ಮಾತ್ರ ಈ ಗುರುತುಗಳಿಗೆ ಅವಕಾಶ. ಅದನ್ನೇ ಇಲ್ಲೂ ಇಡೋಣ ಅಂತ ಅವರು ಸೂಚಿಸಿದರು. ನಾನು ‘ರ‍್ಯಾಂಕ್’ ಉದಾಹರಣೆ ಕೊಟ್ಟೆ. ಅದರಲ್ಲಿ ಗುರುತು ಬರುವುದು ಹಲಂತಕ್ಕಿಂತ ಮೊದಲು, ಆ ನಿಯಮ ಅದನ್ನು ಒಪ್ಪುವುದಿಲ್ಲ. ಒಂದಷ್ಟು ಮಾತುಕತೆ ಆಯಿತು. ಕೊನೆಗೆ ವಿಳಾಸದಲ್ಲಿ ಎರಡೂ ಗುರುತು ಬೇಡ, ಶೀರ್ಷಿಕೆಯಲ್ಲಿ ಇರಲಿ ಅಂತ ಒಪ್ಪಿದೆವು. ವಿಳಾಸ ಗುರುತಿಸುವುದಕ್ಕೆ, ಶೀರ್ಷಿಕೆ ಓದುವುದಕ್ಕೆ. ಅವರಿಗೆ ಕನ್ನಡ ಬಾರದು, ನನಗೆ ಸುರಕ್ಷತೆಯ ಆ ಮಗ್ಗುಲು ಗೊತ್ತಿರಲಿಲ್ಲ. ಇಬ್ಬರೂ ಸೇರಿದ್ದಕ್ಕೇ ಸರಿಯಾದ ಕೋಡ್ ಬಂತು. ಓಪನ್ ಸೋರ್ಸ್‌ನಲ್ಲಿ ನನಗೆ ತುಂಬ ಇಷ್ಟವಾಗುವುದು ಇದೇ ಕೂಡುವಿಕೆ.

ವಿಳಾಸದ ಬಗ್ಗೆ ಇನ್ನೊಂದು ಮಾತು. ಯುನಿಕೋಡ್ ಪಠ್ಯವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟ್ 3 ಬೈಟ್ ತೆಗೆದುಕೊಳ್ಳುತ್ತದೆ. ವಿಳಾಸವನ್ನು ನಕಲು ಮಾಡಿ ಬೇರೆಡೆ ಅಂಟಿಸಿದಾಗ ಪ್ರತಿ ಬೈಟ್‌ಗೂ ಶೇಕಡಾ ಗುರುತೂ ಸೇರಿ 3 ಚಿಹ್ನೆ ಆಗುತ್ತದೆ. ‘ಬೆಂಗಳೂರು’ ಪದದಲ್ಲಿ 8 ಕೋಡ್‌ಪಾಯಿಂಟ್ ಇವೆ, ಅಂದರೆ 72 ಚಿಹ್ನೆ. ಉದ್ದ ಹೆಸರಿನ ಪುಸ್ತಕವಾದರೆ ವಾಟ್ಸಾಪ್‌ನಲ್ಲಿ ಹಂಚಿಕೊಂಡ ಕೊಂಡಿ ಅರ್ಧ ಪರದೆ ತುಂಬುತ್ತದೆ. ಅದಕ್ಕೇ ನಮ್ಮ ಪಟ್ಟಿಯಲ್ಲಿ ಪುಸ್ತಕದ ಸಂಖ್ಯೆಯಷ್ಟೇ ಇರುವ ಗಿಡ್ಡ ವಿಳಾಸವೂ ಇದೆ. ಹಂಚಿಕೊಳ್ಳುವ ಗುಂಡಿ ಅದನ್ನು ಕೊಡುತ್ತದೆ.

ಮುಂಬದಿಗೆ ಬರೋಣ. ಓದುಗರ ಹೆಸರಿನ ಮೊದಲ ಅಕ್ಷರವನ್ನು ಒಂದು ವೃತ್ತದಲ್ಲಿ ತೋರಿಸುವ ರೂಢಿ ಇದೆಯಲ್ಲ, ಅದನ್ನೇ ತೆಗೆದುಕೊಳ್ಳಿ. ‘ಶ್ರೀಧರ’ದ ಮೊದಲ ಅಕ್ಷರ ಯಾವುದು? ನಮ್ಮ ಲೆಕ್ಕದಲ್ಲಿ ‘ಶ್ರೀ’. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಲೆಕ್ಕದಲ್ಲಿ ಬರೀ ‘ಶ’. ಪಠ್ಯವನ್ನು ಅಕ್ಷರಗಳಾಗಿ ಕತ್ತರಿಸಲು ಇಂಟಲ್ ಸೆಗ್ಮೆಂಟರ್ ಅನ್ನುವುದು ಬಂದಿದೆ. 2024ರ ಏಪ್ರಿಲ್‌ನಲ್ಲಿ ಫೈರ್‌ಫಾಕ್ಸ್‌ಗೂ ಬಂದ ಮೇಲೆ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲಿ ಸಿಗುತ್ತಿದೆ. ಆದರೆ ಅದು ‘ಶ್’ ಒಂದು, ‘ರೀ’ ಇನ್ನೊಂದು ಅಂತ ಕತ್ತರಿಸಿತು.

ಯಾಕೆ ಅಂತ ಹುಡುಕುತ್ತಾ ಯುನಿಕೋಡ್‌ನ ನಿಯಮಗಳವರೆಗೆ ಹೋದೆ. 2023ರಲ್ಲಿ ಬಂದ ಯುನಿಕೋಡ್ 15.1ರಲ್ಲಿ ಭಾರತೀಯ ಲಿಪಿಗಳ ಒತ್ತಕ್ಷರಗಳನ್ನು ಕತ್ತರಿಸದೆ ಇಡುವ ಹೊಸ ನಿಯಮ ಸೇರಿಸಿದರು. ಆಗ ಪಟ್ಟಿಯಲ್ಲಿದ್ದ ಲಿಪಿಗಳು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಕನ್ನಡ ಇರಲಿಲ್ಲ. ತೆಲುಗು ಇದ್ದು ಕನ್ನಡ ಇಲ್ಲದಿರುವುದನ್ನು ನೋಡಿ ನನಗೆ ನಿಜಕ್ಕೂ ಬೇಸರವಾಯಿತು. ಎರಡೂ ಲಿಪಿ ಅಕ್ಕತಂಗಿಯರ ಹಾಗೆ ಅಲ್ವಾ? ಇಂಥ ಪಟ್ಟಿಗಳಿಗೆ ನಮ್ಮ ಭಾಷೆ ಸೇರಬೇಕಾದರೆ ನಮ್ಮವರು ಅಲ್ಲಿ ಉದಾಹರಣೆಗಳ ಸಮೇತ ಬರೆಯಬೇಕು. ಯುನಿಕೋಡ್ ಸಾರ್ವಜನಿಕರಿಂದ ಅಭಿಪ್ರಾಯ ತೆಗೆದುಕೊಳ್ಳುತ್ತದೆ, ದಾರಿ ತೆರೆದಿದೆ.

ಅಲ್ಲಿಯವರೆಗೆ ನಾನೇ ಒಂದು ಚಿಕ್ಕ ಲೈಬ್ರರಿ ಬರೆದೆ. ನಿಯಮ ಇಷ್ಟೇ. ಒಂದು ವ್ಯಂಜನ, ಅದಾದ ಮೇಲೆ ಹಲಂತ ಮತ್ತು ವ್ಯಂಜನದ ಜೋಡಿ ಎಷ್ಟಾದರೂ ಬರಬಹುದು, ಕೊನೆಗೆ ಸ್ವರಚಿಹ್ನೆ, ಅನುಸ್ವಾರ ಅಥವಾ ವಿಸರ್ಗ. ಶೂನ್ಯ ಅಗಲದ ಗುರುತುಗಳಿಗೆ ಬೇರೆ ದಾರಿ. ಯಾರು ಬೇಕಾದರೂ ಬಳಸಲು ಬಿಡುವ ಎಂಐಟಿ ಲೈಸೆನ್ಸ್‌ನಲ್ಲಿ ಬಿಟ್ಟಿದ್ದೇನೆ. ಯಾರಾದರೂ ಅಕ್ಷರ ಎಣಿಸುವ ಪದಬಂಧವನ್ನೋ, ಮಕ್ಕಳ ಆಟವನ್ನೋ ಮಾಡಲು ಬಳಸಿಕೊಳ್ಳಲಿ ಅಂತ. ಕೋಡ್‌ಗಿಂತ ಅದರ ಟೆಸ್ಟ್‌ಗಳ ಬಗ್ಗೆ ನನಗೆ ಹೆಮ್ಮೆ ಜಾಸ್ತಿ. ಹಳಗನ್ನಡದ ೞ, ಱ ಇರುವ ಪದಗಳನ್ನೂ ಹಾಕಿದ್ದೇನೆ.

ಟೈಪ್ ಮಾಡುವ ವಿಷಯ ಬೇರೆಯೇ ಒಂದು ಲೋಕ. ಕೆಲವರು ಕೆ.ಪಿ. ರಾವ್ ವಿನ್ಯಾಸದಿಂದ ಬಂದ ಕೀಲಿಮಣೆ ಬಳಸುತ್ತಾರೆ, ಕೆಲವರು ಇನ್‌ಸ್ಕ್ರಿಪ್ಟ್. ಫೋನಿನಲ್ಲಿ ಹೆಚ್ಚಿನವರು ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುತ್ತಾರೆ. ಈ ಕೊನೆಯ ಬಗೆಯಲ್ಲಿ ಪದ ಇನ್ನೂ ರೂಪುಗೊಳ್ಳುತ್ತಿರುವಾಗಲೇ ಬ್ರೌಸರ್ ಸೂಚನೆಗಳನ್ನು ಕಳಿಸುತ್ತಿರುತ್ತದೆ. ಒಂದೊಂದು ಕೀಲಿಗೂ ಹುಡುಕಾಟ ಶುರುಮಾಡಿದರೆ ಅರೆಬೆಂದ ಪದಗಳಿಗೆಲ್ಲ ಸರ್ವರ್ ಉತ್ತರ ಕೊಡಬೇಕಾಗುತ್ತದೆ. ಪದ ರೂಪುಗೊಳ್ಳುವುದು ಶುರುವಾಯಿತು, ಮುಗಿಯಿತು ಅಂತ ಹೇಳುವ ಕಂಪೋಸಿಶನ್ ಸೂಚನೆಗಳಿವೆ. ಅವನ್ನು ಕೇಳಿಸಿಕೊಂಡು, ಪದ ಮುಗಿದ ಮೇಲೆ ಮಾತ್ರ ಹುಡುಕಬೇಕು. ಈ ಭಾಗವನ್ನು ನಿಜವಾದ ಫೋನಿನಲ್ಲೇ ಪರೀಕ್ಷಿಸಿ. ಲ್ಯಾಪ್‌ಟಾಪ್‌ನಲ್ಲಿ ನೋಡಿದ್ದು ಸಾಲದು.

ಪುಟದ ನೋಟದ ಬಗ್ಗೆ ಮೂರು ಮಾತು. ಸಾಲಿನ ಎತ್ತರ ಧಾರಾಳವಾಗಿರಲಿ, ಇಲ್ಲವಾದರೆ ‘ಸ್ತ್ರೀ’, ‘ರಾಷ್ಟ್ರ’ ಪದಗಳ ಕೆಳಗಿನ ಒತ್ತು ಕತ್ತರಿಸಿಹೋಗುತ್ತದೆ. ಅಕ್ಷರಗಳ ನಡುವೆ ಜಾಗ ಹಿಗ್ಗಿಸುವ ಗುಣವನ್ನು ಕನ್ನಡಕ್ಕೆ ಹಾಕಬೇಡಿ. ಪುಟದ ಭಾಷೆ ಕನ್ನಡ ಅಂತ ಎಚ್‌ಟಿಎಂಎಲ್‌ನಲ್ಲಿ ಬರೆಯಿರಿ. ಪರದೆ ಓದಿ ಹೇಳುವ ತಂತ್ರಾಂಶ ಬಳಸುವ ಅಂಧ ಓದುಗರಿಗೆ ಸರಿಯಾದ ಧ್ವನಿ ಸಿಗುವುದು ಅದರಿಂದಲೇ.

ಪುಸ್ತಕ ಕೊಟ್ಟ ರಸೀದಿಯ ಪಿಡಿಎಫ್ ಮಾಡುವಾಗಲೂ ಒತ್ತುಗಳು ಬಿಡಿಬಿಡಿಯಾಗಿ ಬಂದವು. ಕೆಲವು ಪಿಡಿಎಫ್ ಲೈಬ್ರರಿಗಳು ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತವೆ ಅಷ್ಟೇ, ಕೂಡಿಸುವುದಿಲ್ಲ. ಕೂಡಿಸುವ ಕೆಲಸ ಮಾಡುವುದು ಹಾರ್ಫ್‌ಬಝ್ ಅನ್ನುವ ಓಪನ್ ಸೋರ್ಸ್ ಎಂಜಿನ್. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲ ಅದನ್ನೇ ಬಳಸುತ್ತವೆ. ಅದನ್ನು ಬಳಸುವ ವೀಸಿಪ್ರಿಂಟ್‌ಗೆ ಬದಲಾಯಿಸಿದೆ, ರಸೀದಿ ಸರಿಯಾಯಿತು. ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಓದುವ ಪ್ರತಿಯೊಬ್ಬರೂ ಹೀಗೆ ಯಾರೋ ಬಿಟ್ಟುಕೊಟ್ಟ ಕೋಡ್‌ನ ಋಣದಲ್ಲಿದ್ದಾರೆ.

ಕೋಡ್ ಬರೆಯದೆಯೂ ಓಪನ್ ಸೋರ್ಸ್‌ಗೆ ಬಹಳ ಮಾಡಬಹುದು. ನಾನು ಈಗಲೂ ಟ್ರಾನ್ಸ್‌ಲೇಟ್‌ವಿಕಿ ತಾಣದಲ್ಲಿ ಮೀಡಿಯಾವಿಕಿಯ ಸಂದೇಶಗಳನ್ನು ಕನ್ನಡಕ್ಕೆ ತರುತ್ತೇನೆ. ವಿಕಿಪೀಡಿಯ ನಡೆಯುವುದು ಆ ತಂತ್ರಾಂಶದ ಮೇಲೆ. ಇಲ್ಲಿ ಮಾಡಿದ ಅನುವಾದ ಕನ್ನಡ ವಿಕಿಪೀಡಿಯದ ಗುಂಡಿಗಳಲ್ಲಿ, ಸೂಚನೆಗಳಲ್ಲಿ ಕಾಣುತ್ತದೆ. ಡೆವಲಪರ್‌ಗೆ ಇದರಿಂದ ಒಂದು ಲಾಭ ಇದೆ. ವಾಕ್ಯವನ್ನು ತುಂಡುತುಂಡಾಗಿ ಕೋಡ್‌ನಲ್ಲಿ ಜೋಡಿಸಿದರೆ ಅನುವಾದಕರಿಗೆ ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ವಿಭಕ್ತಿ ಹೆಸರಿಗೇ ಅಂಟುತ್ತದೆ. ಪೂರ್ತಿ ವಾಕ್ಯವನ್ನೇ ಅನುವಾದಕರಿಗೆ ಕೊಡಬೇಕು. ಏಕವಚನ, ಬಹುವಚನದ ನಿಯಮವೂ ಭಾಷೆಗೊಂದು. ಸಿಎಲ್‌ಡಿಆರ್ ಪ್ರಕಾರ ಕನ್ನಡದಲ್ಲಿ 0 ಮತ್ತು 1 ಎರಡೂ ಏಕವಚನದ ಗುಂಪಿಗೆ ಹೋಗುತ್ತವೆ, ಇಂಗ್ಲಿಷ್‌ನಲ್ಲಿ 1 ಮಾತ್ರ. ‘0 ಪುಸ್ತಕ’, ‘5 ಪುಸ್ತಕಗಳು’ ಅಂತ ನಮ್ಮ ಪಟ್ಟಿ ಈಗ ಸರಿಯಾಗಿ ಹೇಳುತ್ತದೆ.

ಹೊಸಬರಿಗೆ ಒಂದು ವಿನಂತಿ. ಸಂಖ್ಯೆಗಾಗಿ ಪುಲ್ ರಿಕ್ವೆಸ್ಟ್ (ನಿಮ್ಮ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕಳಿಸಬೇಡಿ. ಓಪನ್ ಸೋರ್ಸ್‌ಗೆ ಬದಲಾವಣೆ ಕಳಿಸಿದವರಿಗೆ ಬಹುಮಾನ ಕೊಡುವ ಹ್ಯಾಕ್ಟೋಬರ್‌ಫೆಸ್ಟ್‌ನ 2020ರ ಸಮಯದಲ್ಲಿ ಟಿ-ಶರ್ಟ್ ಆಸೆಗೆ ಕಳಿಸಿದ ಕೆಲಸಕ್ಕೆ ಬಾರದ ಬದಲಾವಣೆಗಳಿಂದ ಮೇಂಟೇನರ್‌ಗಳು ಬೇಸತ್ತರು. ಆಮೇಲೆ ಒಪ್ಪಿಗೆ ಕೊಟ್ಟ ಪ್ರಾಜೆಕ್ಟ್‌ಗಳಿಗೆ ಮಾತ್ರ ಅಂತ ನಿಯಮ ಬದಲಾಯಿತು. ಹೆಚ್ಚಿನ ಪ್ರಾಜೆಕ್ಟ್‌ಗಳನ್ನು ನಡೆಸುವುದು ಒಬ್ಬರೋ ಇಬ್ಬರೋ, ಅದೂ ಬಿಡುವಿನಲ್ಲಿ. 2024ರ ಮಾರ್ಚ್‌ನಲ್ಲಿ ಬೆಳಕಿಗೆ ಬಂದ ಎಕ್ಸ್‌ಝಡ್ ಪ್ರಕರಣ ನೆನಪಿದೆಯಾ? ದಣಿದ ಮೇಂಟೇನರ್ ಒಬ್ಬರ ನಂಬಿಕೆ ಗಳಿಸಿಕೊಂಡು, ಲಿನಕ್ಸ್‌ನ ಎಲ್ಲೆಡೆ ಇರುವ ಒಂದು ಲೈಬ್ರರಿಯೊಳಗೆ ಕಳ್ಳಬಾಗಿಲು ಇಟ್ಟಿದ್ದರು. ಪತ್ತೆ ಹಚ್ಚಿದ್ದು ಪೋಸ್ಟ್‌ಗ್ರೆಸ್ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್. ಲಾಗಿನ್ ಅರ್ಧ ಸೆಕೆಂಡ್ ನಿಧಾನವಾಗಿದ್ದು ಯಾಕೆ ಅಂತ ಅವರು ಬಿಡದೆ ಹುಡುಕಿದರು. ಬಗ್ ಹುಡುಕುವ ಛಲ ಎಷ್ಟು ದೊಡ್ಡ ಗುಣ ಅನ್ನುವುದಕ್ಕೆ ನಾನು ಎಲ್ಲರಿಗೂ ಇದನ್ನೇ ಹೇಳುತ್ತೇನೆ. ನಾವು ಮೇಂಟೇನರ್‌ಗೆ ಮಾಡಬಹುದಾದ ಸಹಾಯ ಬೇರೆಯವರ ಕೋಡ್ ಓದಿ ವಿಮರ್ಶಿಸುವುದು, ಇಶ್ಯೂಗಳನ್ನು ಮರುಸೃಷ್ಟಿಸಿ ಖಚಿತಪಡಿಸುವುದು. ಹೊಸ ಕೋಡ್‌ಗಿಂತ ಅವರಿಗೆ ಅದು ಜಾಸ್ತಿ ಬೇಕಾಗಿರುತ್ತದೆ.

ಕೆಲಸದಲ್ಲಿದ್ದವರು ಮೊದಲು ತಮ್ಮ ಒಪ್ಪಂದ ಓದಿ. ಬಿಡುವಿನಲ್ಲಿ ಬರೆದ ಕೋಡ್ ಯಾರದ್ದು ಅಂತ ಅದರಲ್ಲಿ ಬರೆದಿರುತ್ತದೆ. ನಾನು ಕಂಪನಿಯಿಂದ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಂಡೇ ಶುರುಮಾಡಿದೆ. ಸಂದರ್ಶನಗಳಲ್ಲಿ ನನ್ನನ್ನು ಜಾಸ್ತಿ ಕೇಳಿದ್ದು ಆ ಸ್ಲಗ್ ಬದಲಾವಣೆಯ ಬಗ್ಗೆ. ಕೋಡ್ ಬಗ್ಗೆ ಅಲ್ಲ, ಮಾತುಕತೆಯ ಬಗ್ಗೆ. ಯಾಕೆ ಹೀಗೆ ತೀರ್ಮಾನಿಸಿದಿರಿ, ಯಾವುದನ್ನು ಬಿಟ್ಟುಕೊಟ್ಟಿರಿ ಅಂತ. ಅದೆಲ್ಲ ಸಾರ್ವಜನಿಕವಾಗಿ ಇದ್ದಿದ್ದರಿಂದ ತೆರೆದು ತೋರಿಸಿದೆ.

ಈಗ ಕೈಯಲ್ಲಿರುವ ಕೆಲಸ ಎಲ್ಲಕ್ಕಿಂತ ಕಷ್ಟದ್ದು. ‘ಊರು’ ಅಂತ ಹುಡುಕಿದರೆ ‘ಊರಿನ’, ‘ಊರಿಗೆ’, ‘ಊರಲ್ಲಿ’ ಇರುವ ಪುಸ್ತಕಗಳೂ ಬರಬೇಕು. ಪದದಿಂದ ಪ್ರತ್ಯಯ ಕಳಚುವ ಕೋಡ್‌ಗೆ ಸ್ಟೆಮ್ಮರ್ ಅನ್ನುತ್ತಾರೆ. ಪೋಸ್ಟ್‌ಗ್ರೆಸ್ ಜೊತೆಗೆ ಹಿಂದಿ, ತಮಿಳು, ನೇಪಾಳಿಗೆ ಸ್ಟೆಮ್ಮರ್ ಬರುತ್ತದೆ, ಕನ್ನಡಕ್ಕೆ ಬರುವುದಿಲ್ಲ. ಅವು ಬರುವುದು ಸ್ನೋಬಾಲ್ ಅನ್ನುವ ಓಪನ್ ಸೋರ್ಸ್ ಪ್ರಾಜೆಕ್ಟ್‌ನಿಂದ. ಸದ್ಯಕ್ಕೆ ನಮ್ಮ ಪಟ್ಟಿಯಲ್ಲಿ ಪದದ ಕೊನೆಯ ಉ ಚಿಹ್ನೆ ತೆಗೆದು, ಉಳಿದ ಭಾಗದಿಂದ ಶುರುವಾಗುವ ಪದಗಳನ್ನು ಹುಡುಕುತ್ತೇವೆ. ‘ಊರು’ಗೆ ಇದು ಸಾಕು. ‘ಪುಸ್ತಕವೊಂದು’, ‘ಮನೆಯಲ್ಲೇ’ ಅಂತ ಸಂಧಿಯಾದ ಪದಗಳನ್ನೇ ಹಾಕಿ ಹುಡುಕಿದರೆ ಸಾಲದು. ‘ಮರ’ ಅಂತ ಹುಡುಕಿದರೆ ‘ಮರೆವು’ ಬರಬಾರದು, ‘ಮರದ’, ‘ಮರವನ್ನು’ ಬರಬೇಕು.

ವಿಭಕ್ತಿ ಪ್ರತ್ಯಯಗಳು, ಬಹುವಚನ, ವಕಾರ ಮತ್ತು ಯಕಾರ ಆಗಮಗಳ ನಿಯಮ ಬರೆದು ಆಗಿದೆ. ಕ್ರಿಯಾಪದಗಳು ಬಾಕಿ ಇವೆ. ಸ್ನೋಬಾಲ್‌ಗೆ ಕಳಿಸುವಾಗ ನಿಯಮಗಳ ಜೊತೆಗೆ ಪದಗಳ ಒಂದು ಪಟ್ಟಿ, ಪ್ರತಿ ಪದಕ್ಕೂ ಬರಬೇಕಾದ ಉತ್ತರ ಕೊಡಬೇಕು. ಆ ಪಟ್ಟಿಯನ್ನು ಬಳಗದ ಓದುಗರು ಕೂತು ತಿದ್ದುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ನಿವೃತ್ತ ಕನ್ನಡ ಮೇಷ್ಟ್ರುಗಳು. ಕೋಡ್‌ನ ಬದಲಾವಣೆ ದಾಖಲಿಸುವ ಗಿಟ್ ಅವರಿಗೆ ಬೇಡ, ಒಂದು ಹಂಚಿಕೊಂಡ ಸ್ಪ್ರೆಡ್‌ಶೀಟ್ ಸಾಕು. ಅಲ್ಲಿಂದ ಟೆಸ್ಟ್ ಫೈಲ್ ತಯಾರಿಸುವ ಸ್ಕ್ರಿಪ್ಟ್ ನಾನು ಬರೆದಿದ್ದೇನೆ. ಕಳೆದ ವಾರ ಅವರು ‘ಬಂದಿದ್ದಾನೆ’ ಮತ್ತು ‘ಬರುತ್ತಾನೆ’ ಎರಡರ ಮೂಲ ಒಂದೇ ಆಗಬೇಕು ಅಂತ ಗುರುತು ಹಾಕಿದರು. ಬರೀ ಪ್ರತ್ಯಯ ಕಳಚುವ ನಿಯಮದಿಂದ ಅದು ಆಗುವುದಿಲ್ಲ. ಅಂಥ ಕ್ರಿಯಾಪದಗಳಿಗೆ ಬೇರೆಯೇ ಕೋಷ್ಟಕ ಕಟ್ಟಲು ಶುರುಮಾಡಿದ್ದೇವೆ.